ಎಸ್‌ಎಆರ್ ಟೆಸ್ಟಿಗೆ ಬೆಂಗಳೂರಿನ ಬಸ್ ಹತ್ತುವ ಮೊದಲು: ವೈರ್‌ಲೆಸ್ ಸಾಧನ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಿಂದ ಒಬ್ಬರು, ಮಂಡ್ಯದ ಕಾಲೇಜಿನ ಪ್ರಾಜೆಕ್ಟ್ ತಂಡದಿಂದ ಇಬ್ಬರು, ಮದ್ದೂರಿನ ಕಡೆ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಮಾಡಿ ಮಾರುವವರು ಒಬ್ಬರು. ಎಲ್ಲರೂ ಕೇಳಿದ್ದು ಒಂದೇ ಮಾತು: "ನಾವು ಹಾಕಿರೋದು ಸರ್ಟಿಫಿಕೇಟ್ ಇರೋ ಮಾಡ್ಯೂಲ್. ಇನ್ನೂ ರೇಡಿಯೇಷನ್ ಟೆಸ್ಟ್ ಬೇಕಾ?"

ಬೇಕಾಗಬಹುದು, ಬೇಡದೆಯೂ ಇರಬಹುದು. ಮಾಡ್ಯೂಲಿನ (ಸಿದ್ಧವಾಗಿ ಸಿಗುವ ರೇಡಿಯೋ ಬೋರ್ಡಿನ) ಸರ್ಟಿಫಿಕೇಟ್ ಒಂದನ್ನೇ ನೋಡಿ ಯಾರೂ ಇದಕ್ಕೆ ಉತ್ತರ ಹೇಳಲಾರರು. ಎಷ್ಟು ಪವರ್ ಹೊರಗೆ ಹೋಗುತ್ತದೆ, ಮನುಷ್ಯರ ಮೈಯಿಂದ ಎಷ್ಟು ದೂರದಲ್ಲಿ, ಎಷ್ಟು ಹೊತ್ತು, ಈ ಮೂರು ಗೊತ್ತಾದರೆ ಉತ್ತರ ತಾನಾಗೇ ಬರುತ್ತದೆ. ಇದರಲ್ಲಿ ಬಹುಪಾಲು ಕೆಲಸ ನಿಮ್ಮ ಮೇಜಿನ ಮೇಲೇ ಆಗುವಂಥದ್ದು. ಲ್ಯಾಬಿಗೆ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿ, ಅಲ್ಲಿ ಕೂತು ಫರ್ಮ್‌ವೇರ್ ಸರಿಮಾಡುವವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಪದ ತಿಳಿದುಕೊಳ್ಳಿ. ಒಂದು ಎಸ್‌ಎಆರ್. ಮೈಯೊಳಗಿನ ಒಂದು ಕಿಲೋ ಅಂಗಾಂಶ ಎಷ್ಟು ವ್ಯಾಟ್ ರೇಡಿಯೋ ಶಕ್ತಿ ಹೀರಿಕೊಳ್ಳುತ್ತದೆ ಅನ್ನುವ ಲೆಕ್ಕ ಅದು, ಅಳತೆ ವ್ಯಾಟ್/ಕೆಜಿ. ಲ್ಯಾಬಿನವರು ಬಾಯಿಮಾತಲ್ಲಿ "ಸಾರ್" ಅಂತಾರೆ, ನಿಮ್ಮನ್ನು ಕರೆದರು ಅಂದುಕೊಂಡು ತಿರುಗಬೇಡಿ. ಇನ್ನೊಂದು ಪವರ್ ಡೆನ್ಸಿಟಿ. ಮೈ ಹೊರಗೆ, ಗಾಳಿಯಲ್ಲಿ, ಒಂದು ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಹಾದುಹೋಗುತ್ತದೆ ಅನ್ನುವುದು ಇದು. ಮೈಗೆ ಅಂಟಿಕೊಂಡಿರುವ ಸಾಧನಕ್ಕೆ ಮೊದಲನೆಯದು, ದೂರ ಇರುವುದಕ್ಕೆ ಎರಡನೆಯದು. ಬಹಳ ಎತ್ತರದ ಫ್ರೀಕ್ವೆನ್ಸಿಯಲ್ಲಿ, ಅಂದರೆ 6 ಗಿಗಾಹರ್ಟ್ಸ್ ದಾಟಿದ ಮೇಲೆ, ಹತ್ತಿರದ ಸಾಧನಕ್ಕೂ ಪವರ್ ಡೆನ್ಸಿಟಿಯನ್ನೇ ನೋಡುತ್ತಾರೆ. ನಮ್ಮ ಕಡೆ ಬರುವ ಸಾಧನಗಳಲ್ಲಿ ಅದು ಅಪರೂಪ, ಹಾಗಾಗಿ ಇಲ್ಲಿಗೆ ಬಿಡುತ್ತೇನೆ.

1. ಎಲ್ಲಿ ಮಾರುತ್ತೀರಿ ಅಂತ ಮೊದಲು ತೀರ್ಮಾನಿಸಿ

ಮಿತಿ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಮೊಬೈಲ್ ಹ್ಯಾಂಡ್‌ಸೆಟ್‌ಗೆ 1.6 ವ್ಯಾಟ್/ಕೆಜಿ, ಅದೂ 1 ಗ್ರಾಂ ಅಂಗಾಂಶದ ಸರಾಸರಿ. 2012ರ ಸೆಪ್ಟೆಂಬರ್ 1ರಿಂದ ಹೊಸ ಹ್ಯಾಂಡ್‌ಸೆಟ್‌ಗಳಿಗೆ ಈ ಮಿತಿ ಬಂತು. ಅದಕ್ಕೂ ಮೊದಲು 10 ಗ್ರಾಂ ಸರಾಸರಿಯಲ್ಲಿ 2 ವ್ಯಾಟ್/ಕೆಜಿ ಇತ್ತು. ಅಮೆರಿಕದಲ್ಲೂ ತಲೆ ಮತ್ತು ಮೈಗೆ 1 ಗ್ರಾಂ ಸರಾಸರಿಯ 1.6, ಕೈ, ಮಣಿಕಟ್ಟು, ಪಾದದಂಥ ಭಾಗಗಳಿಗೆ ಮಾತ್ರ 10 ಗ್ರಾಂ ಸರಾಸರಿಯಲ್ಲಿ 4. ಯುರೋಪಿನಲ್ಲಿ ತಲೆ ಮತ್ತು ಮುಂಡಕ್ಕೆ 10 ಗ್ರಾಂ ಸರಾಸರಿಯಲ್ಲಿ 2.

ಇಲ್ಲೇ ಮೊದಲ ಗುಂಡಿ. ಚೀನಾದ ಸಪ್ಲೈಯರ್ ಕಳಿಸಿದ ಯುರೋಪಿನ ರಿಪೋರ್ಟಲ್ಲಿ 1.4 ಅಂತ ಇರುತ್ತೆ. "1.6ಕ್ಕಿಂತ ಕಡಿಮೆ, ಪಾಸು" ಅಂತ ಖುಷಿಪಡಬೇಡಿ. 1 ಗ್ರಾಂ ಅಂದರೆ ಸುಮಾರು ಒಂದು ಸೆಂಟಿಮೀಟರ್ ಅಗಲ, ಉದ್ದ, ಎತ್ತರದ ಚೌಕದ ತುಂಡು. 10 ಗ್ರಾಂ ಅಂದರೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದು. ತುಂಡು ದೊಡ್ಡದಾದಷ್ಟೂ ಬಿಸಿ ಜಾಗದ ಜೊತೆ ತಣ್ಣನೆ ಜಾಗವೂ ಸೇರಿ ಸರಾಸರಿ ಇಳಿಯುತ್ತದೆ. ಅದೇ ಸಾಧನವನ್ನು 1 ಗ್ರಾಂ ಲೆಕ್ಕದಲ್ಲಿ ಅಳೆದರೆ ಅಂಕಿ ಮೇಲೇರುತ್ತದೆ, ಆ 1.4 ಮಿತಿ ದಾಟಲೂಬಹುದು.

ಇನ್ನೊಂದು ಗೊಂದಲ ಟವರಿನದು. 2012ರಲ್ಲೇ ಟವರುಗಳ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದರು. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ಆಯಿತು. ಆ 0.45 ಅನ್ನು ತಂದು ತಮ್ಮ ಪಂಪ್ ಸ್ಟಾರ್ಟರಿಗೆ ಹಚ್ಚಿ "ಅಯ್ಯೋ ಫೇಲು" ಅಂದವರಿದ್ದಾರೆ. ಅದು ಟವರಿಗೆ ಹಾಕಿದ ಮಿತಿ, ನಿಮ್ಮ ಸಾಧನಕ್ಕಲ್ಲ. ಮನೆ ಪಕ್ಕದ ಟವರಿನ ಬಗ್ಗೆ ಅನುಮಾನ ಇರುವವರಿಗೆ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್ ಇದೆ, ಆ ಪ್ರಶ್ನೆಗಳನ್ನು ಅಲ್ಲೇ ಕೇಳಿ.

ಈಟಿಎ ಸಿಕ್ಕಿದೆ, ಎಲ್ಲಾ ಮುಗೀತು ಅಂತಲೂ ಕೆಲವರು ತಿಳಿದಿರುತ್ತಾರೆ. ಈಟಿಎ ಅಂದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುವ ಒಪ್ಪಿಗೆ. ಲೈಸೆನ್ಸ್ ಬೇಡದ ಬ್ಯಾಂಡಿನೊಳಗೇ ಇದ್ದೀರಾ, ಪವರ್ ಮೀರಿಲ್ಲವಾ ಅಂತ ಅದು ನೋಡುತ್ತದೆ. ಮೈ ಎಷ್ಟು ಹೀರುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಟೆಲಿಕಾಂ ಸಾಧನಗಳ ಕಡ್ಡಾಯ ಪರೀಕ್ಷೆಗೆ ಟಿಇಸಿ ಅನ್ನುವ ಕೇಂದ್ರ ಉತ್ಪನ್ನಕ್ಕೊಂದು ಅಗತ್ಯಗಳ ಪಟ್ಟಿ ಇಟ್ಟಿದೆ, ನಿಮ್ಮ ಸಾಧನದ ಪಟ್ಟಿ ಇಳಿಸಿಕೊಂಡು ಒಮ್ಮೆ ಪೂರ್ತಿ ಓದಿ.

2. ದೂರ ಅಳೆಯಿರಿ

ಸ್ಕೇಲ್ ತಗೊಳ್ಳಿ. ಆಂಟೆನಾದಿಂದ, ಗಮನಿಸಿ, ಡಬ್ಬಿಯ ಅಂಚಿನಿಂದಲ್ಲ ಆಂಟೆನಾದಿಂದ, ಮಾಮೂಲಿ ಬಳಕೆಯಲ್ಲಿ ಮನುಷ್ಯರ ಮೈ ಎಷ್ಟು ಹತ್ತಿರ ಬರುತ್ತದೆ? ಗೆರೆ ಇರುವುದು 20 ಸೆಂಟಿಮೀಟರಿಗೆ. ಯಾವಾಗಲೂ ಅದಕ್ಕಿಂತ ದೂರ ಅಂದರೆ ಲೆಕ್ಕದಲ್ಲೇ ಮುಗಿಯಬಹುದು. ಒಳಗೆ ಬಂದರೆ ಎಸ್‌ಎಆರ್ ದಾರಿ.

ಶೆಡ್ಡಿನ ಗೋಡೆಗೆ ಹೊಡೆದ ಸ್ಟಾರ್ಟರ್ ಪೆಟ್ಟಿಗೆ, ಕಬ್ಬಿನ ಗದ್ದೆಯಲ್ಲಿ ಕಂಬಕ್ಕೆ ಕಟ್ಟಿದ ತೇವಾಂಶದ ಸೆನ್ಸರ್, ಇವು 20ರ ಆಚೆ. ಸ್ಕೂಲ್ ಮಕ್ಕಳ ಕೊರಳಿಗೆ ಹಾಕುವ ಟ್ರ್ಯಾಕರ್ ಐಡಿ ಕಾರ್ಡ್, ಕೈಗಡಿಯಾರ, ಕಿವಿಯೊಳಗಿನ ಬ್ಲೂಟೂತ್ ಶ್ರವಣ ಸಾಧನ, ಇವು ಒಳಗೆ. ಹಸುವಿನ ಕೊರಳಿಗೆ ಕಟ್ಟುವ ಕಾಲರ್ ಬಗ್ಗೆಯೂ ಕೇಳುತ್ತಾರೆ. ಮಿತಿಗಳನ್ನು ಬರೆದಿರುವುದು ಮನುಷ್ಯರಿಗೆ. ಹಾಲು ಕರೆಯುವವರು ಕೊರಳಿಂದ ಎಷ್ಟು ದೂರ ಕೂರುತ್ತಾರೆ ಅಂತ ಅಳೆದು ಲೆಕ್ಕ ಹಾಕಿ, ಸಾಕು.

"ಯೂಸರ್ ಮ್ಯಾನುಯಲ್‌ನಲ್ಲಿ 20 ಸೆಂಟಿಮೀಟರ್ ದೂರ ಇಡಿ ಅಂತ ಬರೆದುಬಿಡ್ತೀವಿ" ಅಂತ ಕೆಲವರ ಉಪಾಯ. ಗೋಡೆ ಪೆಟ್ಟಿಗೆಗೆ ಬರೆಯಿರಿ, ಬರೆಯಲೇಬೇಕು ಕೂಡ. ಕೊರಳಲ್ಲಿ ನೇತಾಡುವ ಕಾರ್ಡಿಗೆ ಹಾಗೆ ಬರೆದರೆ ಯಾರು ಒಪ್ಪುತ್ತಾರೆ?

3. ಲೆಕ್ಕ ಹಾಕಿ

ಒಂದು ಹಾಳೆ ತಗೊಂಡು ಸಾಧನದಲ್ಲಿರುವ ಪ್ರತಿ ರೇಡಿಯೋಗೂ ಒಂದೊಂದು ಸಾಲು ಬರೆಯಿರಿ: ಫ್ರೀಕ್ವೆನ್ಸಿ, ಗರಿಷ್ಠ ಪವರ್, ಆಂಟೆನಾದ ಗೇನ್ (ಪವರನ್ನು ಒಂದು ದಿಕ್ಕಿಗೆ ಎಷ್ಟು ಪಟ್ಟು ಒಟ್ಟುಗೂಡಿಸುತ್ತದೆ ಅನ್ನುವುದು), ಎಷ್ಟು ಹೊತ್ತು ಉರಿಯುತ್ತದೆ, ಅಂದರೆ ಸಿಗ್ನಲ್ ಕಳಿಸುತ್ತದೆ. ಬಳಸದೆ ಬಿಟ್ಟಿರುವ ಬ್ಲೂಟೂತ್ ಚಿಪ್ಪಿನೊಳಗೆ ಇದ್ದರೆ ಅದನ್ನೂ ಬರೆಯಿರಿ, ಫರ್ಮ್‌ವೇರಲ್ಲಿ ಪೂರ್ತಿ ಮುಚ್ಚಿದ್ದೀರಾ ಅಂತ ಲ್ಯಾಬಿನವರು ಕೇಳೇ ಕೇಳುತ್ತಾರೆ.

ಪವರನ್ನು ಡಿಬಿಎಂನಲ್ಲಿ ಕೊಟ್ಟಿರುತ್ತಾರೆ. 0 ಡಿಬಿಎಂ ಅಂದರೆ 1 ಮಿಲಿವ್ಯಾಟ್. 10 ಏರಿದರೆ ಹತ್ತು ಪಟ್ಟು, 3 ಏರಿದರೆ ಎರಡು ಪಟ್ಟು. ಅಂದರೆ 20 ಡಿಬಿಎಂ 100 ಮಿಲಿವ್ಯಾಟ್, 33 ಡಿಬಿಎಂ 2 ವ್ಯಾಟ್. ಇಷ್ಟು ಬಾಯಿಪಾಠ ಇದ್ದರೆ ಸಾಕು.

ಈಗ ಪಂಪ್ ಸ್ಟಾರ್ಟರನ್ನೇ ತಗೊಳ್ಳೋಣ. ಒಳಗೆ 2ಜಿ ಮಾಡ್ಯೂಲ್, 900 ಬ್ಯಾಂಡಿನಲ್ಲಿ 33 ಡಿಬಿಎಂ. ಆದರೆ 2ಜಿ ಸದಾ ಉರಿಯುವುದಿಲ್ಲ. ವಿ.ಸಿ. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರಲ್ಲ, ಹಾಗೆ ಕಾಲವನ್ನು ಎಂಟು ಪಾಲು ಮಾಡಿ ಸರದಿ ಕೊಡುತ್ತದೆ. ಕಾಲ್ ಮಾಡುವಾಗ ನಿಮ್ಮ ಪಾಲು ಎಂಟರಲ್ಲಿ ಒಂದು, ಆದ್ದರಿಂದ ಸರಾಸರಿ 0.25 ವ್ಯಾಟ್. ಆಂಟೆನಾ ಗೇನ್ 3 ಡಿಬಿಐ ಅಂದರೆ ಎರಡು ಪಟ್ಟು, 0.5 ವ್ಯಾಟ್ ಆಯಿತು. 20 ಸೆಂಟಿಮೀಟರ್ ತ್ರಿಜ್ಯದ ಚೆಂಡಿನ ಮೇಲ್ಮೈ ಸುಮಾರು 0.5 ಚದರ ಮೀಟರ್. ಭಾಗಿಸಿ: ಚದರ ಮೀಟರಿಗೆ 1 ವ್ಯಾಟ್. ಅಂತಾರಾಷ್ಟ್ರೀಯ ಮಿತಿ 4.5. ಆರಾಮಾಗಿ ಪಾಸು.

ಸೂತ್ರ ಇಷ್ಟೇ: ಸರಾಸರಿ ಪವರ್ ಗುಣಿಸು ಗೇನ್, ಅದನ್ನು 4 ಪೈ ಗುಣಿಸು ದೂರದ ವರ್ಗದಿಂದ ಭಾಗಿಸು.

ಈಗ ಅದೇ ಪೆಟ್ಟಿಗೆಯಲ್ಲಿ ಡೇಟಾ ಕಳಿಸೋಣ. ಕೆಲವು ಮಾಡ್ಯೂಲ್ ಎಂಟರಲ್ಲಿ ನಾಲ್ಕು ಪಾಲು ಬಳಸುತ್ತವೆ. ಪವರ್ ತಗ್ಗಿಸದೆ ಬಳಸಿದರೆ ಸರಾಸರಿ 1 ವ್ಯಾಟ್. ಹಳ್ಳಿಯಲ್ಲಿ ಸಿಗ್ನಲ್ ಬರಲ್ಲ ಅಂತ ಯಾರೋ 5 ಡಿಬಿಐ ಉದ್ದ ಆಂಟೆನಾ ಹಾಕಿದರು, ಅಂದರೆ 3.16 ಪಟ್ಟು. 20 ಸೆಂಟಿಮೀಟರಿನಲ್ಲಿ ಈಗ ಚದರ ಮೀಟರಿಗೆ 6.3 ವ್ಯಾಟ್. ಫೇಲು! 24 ಸೆಂಟಿಮೀಟರ್ ದೂರ ಬೇಕು. ಮಾಡ್ಯೂಲ್ ಅದೇ, ಸರ್ಟಿಫಿಕೇಟ್ ಅದೇ, ಆಂಟೆನಾ ಬದಲಾಯಿತು ಅಷ್ಟೇ. ಮಾಡ್ಯೂಲಿನ ಕಾಗದದಲ್ಲಿ "ಇಷ್ಟು ಗೇನ್ ಮೀರಬಾರದು" ಅನ್ನುವ ಸಾಲು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ.

ಮೈಗೆ ಅಂಟಿದ ಸಾಧನಕ್ಕೆ ಇನ್ನೊಂದು ಸುಲಭದ ತರ್ಕ ಇದೆ. ಹೊರಟ ಪವರ್ ಒಂದಿಷ್ಟೂ ಆಚೆ ಹೋಗದೆ, ಪೂರ್ತಿ ಆ 10 ಗ್ರಾಂ ಅಂಗಾಂಶದೊಳಗೇ ಇಳಿಯಿತು ಅಂದುಕೊಳ್ಳಿ. 20 ಮಿಲಿವ್ಯಾಟ್ ಅನ್ನು 10 ಗ್ರಾಂಗೆ ಹಂಚಿದರೆ 2 ವ್ಯಾಟ್/ಕೆಜಿ. ಅದಕ್ಕೇ ಯುರೋಪಿನಲ್ಲಿ ಸರಾಸರಿ 20 ಮಿಲಿವ್ಯಾಟ್ ಒಳಗಿನ ಸಾಧನಕ್ಕೆ ಎಸ್‌ಎಆರ್ ಅಳೆಯದೆ ಕಾಗದದಲ್ಲೇ ತೋರಿಸಬಹುದು. 1.6 ಮತ್ತು 1 ಗ್ರಾಂ ಲೆಕ್ಕಕ್ಕೆ ಅದೇ ತರ್ಕ ಹಿಡಿದರೆ 1.6 ಮಿಲಿವ್ಯಾಟ್. ಅಮೆರಿಕದಲ್ಲಿ 1 ಮಿಲಿವ್ಯಾಟ್ ಒಳಗಿದ್ದರೆ ದೂರ ಎಷ್ಟೇ ಇರಲಿ ವಿನಾಯಿತಿ ಇದೆ, ದೂರ ಹೆಚ್ಚಿದ ಹಾಗೆ ಇನ್ನೂ ಜಾಸ್ತಿ ಪವರಿಗೆ ವಿನಾಯಿತಿ ಸಿಗುತ್ತದೆ. ಹಾಗಾಗಿ 0 ಡಿಬಿಎಂ ಬ್ಲೂಟೂತ್ ಇರುವ ಕಿವಿ ಸಾಧನಕ್ಕೆ ಲ್ಯಾಬಿನ ರೋಬೋಟ್ ಅಳತೆ ಬೇಡ. 20 ಡಿಬಿಎಂ ವೈಫೈ ಇರುವ ಕೊರಳ ಕಾರ್ಡಿಗೆ ಬೇಕು.

"ನಮ್ಮದು ಗಂಟೆಗೆ ಒಂದ್ಸಲ ಮಾತ್ರ ಡೇಟಾ ಕಳಿಸುತ್ತೆ, ಸರಾಸರಿ ಏನೂ ಇಲ್ಲ" ಅನ್ನುವ ವಾದಕ್ಕೆ ಬೆಲೆ ಇದೆ, ಆದರೆ ಆ ನಿಯಮವನ್ನು ಸಾಧನವೇ ಪಾಲಿಸಬೇಕು. ಬಟನ್ ಒತ್ತಿದಷ್ಟೂ ಸಲ ಕಳಿಸುವ ಸಾಧನಕ್ಕೆ "ಜನ ಜಾಸ್ತಿ ಒತ್ತಲ್ಲ" ಅಂತ ಹೇಳಿದರೆ ಲೆಕ್ಕಕ್ಕೆ ಬರುವುದಿಲ್ಲ.

4. ಟೆಸ್ಟ್ ಮೋಡ್ ತಯಾರಿಸಿ, ಪವರ್ ನೀವೇ ಅಳೆಯಿರಿ

ಲ್ಯಾಬಿನಲ್ಲಿ ಸಾಧನ ಒಂದೇ ಚಾನೆಲ್‌ನಲ್ಲಿ, ಗರಿಷ್ಠ ಪವರಿನಲ್ಲಿ, ನಿಲ್ಲದೆ ಉರಿಯುತ್ತಿರಬೇಕು. ಅದಕ್ಕೆ ಬೇರೆ ಫರ್ಮ್‌ವೇರ್ ಬೇಕು. ಚಿಪ್ ಕಂಪನಿಗಳು ಇದಕ್ಕಂತಲೇ ಟೂಲ್ ಕೊಡುತ್ತವೆ. ಕೆಳಗಿನ, ನಡುವಿನ, ಮೇಲಿನ ಚಾನೆಲ್ ಬದಲಿಸುವುದು ಒಂದು ಬಟನ್ ಅಥವಾ ಒಂದು ಕಮಾಂಡಿನಲ್ಲಿ ಆಗುವಂತೆ ಮಾಡಿಕೊಳ್ಳಿ. 2ಜಿ, 4ಜಿಗೆ ಮಾತ್ರ ಇದು ಬೇಡ, ಲ್ಯಾಬಿನಲ್ಲಿ ನಕಲಿ ಟವರಿನ ಹಾಗೆ ಕೆಲಸ ಮಾಡುವ ಒಂದು ಯಂತ್ರ ಸಾಧನಕ್ಕೆ "ಪೂರ್ತಿ ಪವರ್ ಕೊಡು" ಅಂತ ಆಜ್ಞೆ ಕೊಡುತ್ತದೆ. ಮೊಬೈಲ್ ಬ್ಯಾಂಡಿನಲ್ಲಿ ನಿಮ್ಮ ವರ್ಕ್‌ಶಾಪಲ್ಲೇ ಸುಮ್ನೆ ಉರಿಸಿ ನೋಡೋಣ ಅಂತ ಹೋಗಬೇಡಿ. ಅದು ಲೈಸೆನ್ಸ್ ಇರುವವರ ಬ್ಯಾಂಡು, ಸುತ್ತಲಿನವರ ಕಾಲ್ ಕೆಡುತ್ತದೆ.

ಪವರ್ ಅಳೆಯಲು ಆಂಟೆನಾ ಬಿಚ್ಚಿ, ಆ ಜಾಗಕ್ಕೆ ಕೇಬಲ್ ಬೆಸೆದು ಪವರ್ ಮೀಟರಿಗೋ ಸ್ಪೆಕ್ಟ್ರಂ ಅನಲೈಸರಿಗೋ ಕೊಡಬೇಕು. ನಮ್ಮ ಕಡೆಯ ಇಂಜಿನಿಯರಿಂಗ್ ಕಾಲೇಜುಗಳ ಕಮ್ಯುನಿಕೇಷನ್ ಲ್ಯಾಬಲ್ಲಿ ವಿನಯವಾಗಿ ಕೇಳಿದರೆ ಅನಲೈಸರ್ ಸಿಗುತ್ತದೆ. ನಡುವೆ ಅಟೆನ್ಯುಯೇಟರ್ (ಸಿಗ್ನಲನ್ನು ತಗ್ಗಿಸುವ ಬೆರಳುದ್ದದ ಲೋಹದ ತುಂಡು) ಹಾಕುವುದನ್ನು ಮರೆಯಬೇಡಿ. ಸಾಮಾನ್ಯ ಅನಲೈಸರ್ ತಡೆಯುವುದು 30 ಡಿಬಿಎಂವರೆಗೆ. 33 ಡಿಬಿಎಂ ನೇರ ಕೊಟ್ಟರೆ ಮುಂದಿನ ಸಲ ನಿಮ್ಮನ್ನು ಆ ಲ್ಯಾಬಿನ ಒಳಗೇ ಬಿಡುವುದಿಲ್ಲ.

ಆನ್‌ಲೈನಲ್ಲಿ ಸಿಗುವ ಕೈಲಿ ಹಿಡಿಯುವ "ರೇಡಿಯೇಷನ್ ಮೀಟರ್" ಇದಕ್ಕೆ ಉಪಯೋಗಕ್ಕೆ ಬಾರದು. ಅದು ಗಾಳಿಯಲ್ಲಿರುವುದನ್ನು ಅಂದಾಜಾಗಿ ತೋರಿಸುತ್ತದೆ, ಮೈ ಎಷ್ಟು ಹೀರಿತು ಅಂತ ಅದಕ್ಕೆ ಗೊತ್ತಿಲ್ಲ.

5. ಲ್ಯಾಬ್ ಹುಡುಕುವುದು

ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅಂದರೆ ಸಾಲದು. ಮಾನ್ಯತೆಯ ಪಟ್ಟಿಯಲ್ಲಿ ಎಸ್‌ಎಆರ್ ಅಂತ ಇದೆಯಾ, ನಿಮ್ಮ ಫ್ರೀಕ್ವೆನ್ಸಿ ಇದೆಯಾ, ಅಳತೆಯ ವಿಧಾನಕ್ಕೆ ಐಇಸಿ/ಐಇಇಇ 62209-1528 ಅನ್ನುವ ಮಾನದಂಡದ ಹೆಸರು ಇದೆಯಾ ನೋಡಿ. ಫೋನಲ್ಲಿ ಹೇಳಿದ ರೇಟನ್ನು ನಂಬದೆ ಬರಹದಲ್ಲಿ ಕೇಳಿ: ಎಷ್ಟು ಬ್ಯಾಂಡ್, ಸಾಧನ ಹಿಡಿಯುವ ಎಷ್ಟು ಭಂಗಿ, ಫೇಲಾದರೆ ಮರುಪರೀಕ್ಷೆಗೆ ಎಷ್ಟು. ಅಮೆರಿಕ, ಯುರೋಪ್, ಭಾರತ ಮೂರಕ್ಕೂ ಬೇಕಿದ್ದರೆ ಮೊದಲೇ ಹೇಳಿ, ಒಂದೇ ಅಳತೆಯಿಂದ 1 ಗ್ರಾಂ ಮತ್ತು 10 ಗ್ರಾಂ ಎರಡೂ ಸರಾಸರಿ ಸಿಗುತ್ತವೆ.

6. ಪೆಟ್ಟಿಗೆ ಕಟ್ಟುವುದು

ಮಾರಾಟಕ್ಕೆ ಹೋಗುವಂಥದ್ದೇ ಸ್ಯಾಂಪಲ್ ಇರಲಿ. 3ಡಿ ಪ್ರಿಂಟ್ ಮಾಡಿದ ಕವಚ ಬೇಡ. ಕನಿಷ್ಠ ಮೂರು: ಎರಡು ಪೂರ್ತಿ ಜೋಡಿಸಿದ್ದು, ಒಂದು ಕೇಬಲ್ ಬೆಸೆದದ್ದು. ಜೊತೆಗೆ ಪೂರ್ತಿ ಚಾರ್ಜ್ ಆದ ಹೆಚ್ಚುವರಿ ಬ್ಯಾಟರಿ, ಆಂಟೆನಾ ಎಲ್ಲಿದೆ ಅಂತ ಮಿಲಿಮೀಟರಿನಲ್ಲಿ ಬರೆದ ಚಿತ್ರ, ಟ್ಯೂನ್-ಅಪ್ ಪಟ್ಟಿ. ಟ್ಯೂನ್-ಅಪ್ ಅಂದರೆ ತಯಾರಿಕೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಯಾವ ಪೀಸೂ ದಾಟದ ಗರಿಷ್ಠ ಪವರ್.

ಆಮೇಲೆ ಕ್ಲಿಪ್ಪು, ಚೀಲ, ಬೆಲ್ಟು, ಏನೇನು ಜೊತೆಗೆ ಮಾರುತ್ತೀರೋ ಎಲ್ಲ. ನಾವೇ ಒಮ್ಮೆ ಕೊರಳ ಕಾರ್ಡನ್ನು ಬರೀ ಪ್ಲಾಸ್ಟಿಕ್ ಕವಚದಲ್ಲಿ ಕಳಿಸಿ, ಸ್ಟೀಲ್ ಕ್ಲಿಪ್ಪನ್ನು ಮೈಸೂರಲ್ಲೇ ಬಿಟ್ಟು ಹೋಗಿದ್ದೆವು. ಆಂಟೆನಾದ ಪಕ್ಕದ ಲೋಹ ಅಳತೆಯನ್ನು ಮೇಲಕ್ಕೂ ತರಬಹುದು ಕೆಳಕ್ಕೂ ಇಳಿಸಬಹುದು, ಊಹಿಸಲು ಆಗುವುದಿಲ್ಲ. ಕ್ಲಿಪ್ ಸಮೇತ ಮತ್ತೆ ಹೋಗಿ ಇನ್ನೊಂದು ದಿನದ ಬಿಲ್ ಕಟ್ಟಿದೆವು.

7. ಪರೀಕ್ಷೆಯ ದಿನ

ನೀವೂ ಹೋಗಿ. ಮೇಜಿನಲ್ಲಿ ಮನುಷ್ಯನ ತಲೆಯ ಎಡ ಅರ್ಧ, ಬಲ ಅರ್ಧದ ಆಕಾರದ ತೆಳು ಚಿಪ್ಪುಗಳು, ನಡುವೆ ಒಂದು ಸಪಾಟು ತೊಟ್ಟಿ. ಇದಕ್ಕೆ ಫ್ಯಾಂಟಮ್ ಅಂತಾರೆ. ಚಿಪ್ಪಿನ ದಪ್ಪ 2 ಮಿಲಿಮೀಟರ್. ಅದರೊಳಗೆ ಕನಿಷ್ಠ 15 ಸೆಂಟಿಮೀಟರ್ ಆಳಕ್ಕೆ ದ್ರವ ತುಂಬಿರುತ್ತಾರೆ. ರೇಡಿಯೋ ಅಲೆಗೆ ಆ ದ್ರವ ಮನುಷ್ಯನ ಅಂಗಾಂಶದ ಹಾಗೇ ಕಾಣಬೇಕು. 900 ಮೆಗಾಹರ್ಟ್ಸ್ ಆಸುಪಾಸಿನ ಹಳೆಯ ಪಾಕದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಸಕ್ಕರೆ, ಉಳಿದದ್ದು ನೀರು, ಸ್ವಲ್ಪ ಉಪ್ಪು, ಕೆಡದಿರಲು ಒಂದಿಷ್ಟು ಔಷಧ. ಸಕ್ಕರೆ ನಾಡಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ, ಆದರೆ ಪಾಕ ನಿಜವಾಗಿಯೂ ಹಾಗೇ ಅಂಟಂಟು.

ನಿಮ್ಮ ಸಾಧನವನ್ನು ಚಿಪ್ಪಿನ ಕೆಳಗೆ ಹೊರಗಿನಿಂದ ಒತ್ತಿ ಹಿಡಿಯುತ್ತಾರೆ. ಮೇಲಿನಿಂದ ರೋಬೋಟ್ ಕೈ ಒಂದು ಸಣ್ಣ ಪ್ರೋಬನ್ನು ದ್ರವದೊಳಗೆ ಇಳಿಸುತ್ತದೆ. ಮೊದಲು ಇಡೀ ಜಾಗ ಓಡಾಡಿ ಎಲ್ಲಿ ಜಾಸ್ತಿ ಅಂತ ಹುಡುಕುತ್ತದೆ, ಆಮೇಲೆ ಆ ಒಂದು ಜಾಗದಲ್ಲಿ ಸಣ್ಣ ಸಣ್ಣ ಹೆಜ್ಜೆ ಇಟ್ಟು ಅಳೆಯುತ್ತದೆ. ಫೋನಾದರೆ ಕೆನ್ನೆಗೆ ತಾಗಿಸಿ ಮತ್ತು 15 ಡಿಗ್ರಿ ಓರೆ ಮಾಡಿ, ಎಡ ಬಲ ಎರಡೂ ಕಡೆ. ಕೊರಳ ಕಾರ್ಡಿಗೆ ಸಪಾಟು ತೊಟ್ಟಿ ಸಾಕು.

ಶುರುಮಾಡುವ ಮುಂಚೆ ಮೂರು ಕಾಗದ ಕೇಳಿ ನೋಡಿ. ಆ ದಿನ ದ್ರವ ಅಳೆದ ಅಂಕಿ: 2450 ಮೆಗಾಹರ್ಟ್ಸ್‌ಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ 39.2, ವಾಹಕತೆ ಮೀಟರಿಗೆ 1.80 ಸೀಮೆನ್ಸ್ ಇರಬೇಕು, ಸಾಮಾನ್ಯವಾಗಿ ಶೇ. 5ರ ಆಚೀಚೆ. ಗೊತ್ತಿರುವ ಆಂಟೆನಾ ಇಟ್ಟು ಯಂತ್ರವನ್ನು ತಾಳೆ ನೋಡಿದ್ದು: ಗುರಿಯಿಂದ ಶೇ. 10ರ ಒಳಗೆ. ಪ್ರೋಬಿನ ಕ್ಯಾಲಿಬ್ರೇಷನ್ ದಿನಾಂಕ. ಇದನ್ನೆಲ್ಲ ಕೇಳಿದರೆ ಅನುಮಾನ ಪಟ್ಟ ಹಾಗೆ ಆಗಲ್ವಾ ಅನ್ನಿಸಬಹುದು. ಆಗಲ್ಲ, ಒಳ್ಳೆಯ ಲ್ಯಾಬಿನವರು ಕೇಳದೆಯೇ ತೋರಿಸುತ್ತಾರೆ.

ಪ್ರತಿ ಅಳತೆಯ ಮೊದಲು ಮತ್ತು ಕೊನೆಗೆ ಒಂದೇ ಬಿಂದುವಿನಲ್ಲಿ ಓದಿ ನೋಡುತ್ತಾರೆ. ವ್ಯತ್ಯಾಸ ಶೇ. 5 ಮೀರಿದರೆ ಬ್ಯಾಟರಿ ಇಳಿದಿದೆ ಅಥವಾ ಚಿಪ್ ಬಿಸಿಯಾಗಿ ಪವರ್ ತಗ್ಗಿಸಿದೆ ಅಂತ ಅರ್ಥ. ದಿನ ಹಾಳಾಗುವುದು ಬಹುತೇಕ ಇಲ್ಲೇ. ಮನೆಯಲ್ಲೇ ಟೆಸ್ಟ್ ಮೋಡನ್ನು ಅರ್ಧ ಗಂಟೆ ಉರಿಸಿ ಪವರ್ ನಿಲ್ಲುತ್ತಾ ಅಂತ ನೋಡಿಕೊಂಡು ಹೋಗಿ.

8. ರಿಪೋರ್ಟ್ ಓದುವುದು

ಕೊನೆಯ ಪುಟದ "ಪಾಸ್" ನೋಡಿ ಮಡಚಿಡಬೇಡಿ. ಅಳೆದ ಎಸ್‌ಎಆರ್ ಬೇರೆ, ವರದಿಗೆ ಹೋಗುವ ಎಸ್‌ಎಆರ್ ಬೇರೆ. ಸ್ಯಾಂಪಲ್ 22.4 ಡಿಬಿಎಂ ಕೊಟ್ಟಿತು, ಟ್ಯೂನ್-ಅಪ್ 23.0 ಅಂತ ಬರೆದಿದ್ದೀರಿ. ವ್ಯತ್ಯಾಸ 0.6, ಅಂದರೆ 1.15 ಪಟ್ಟು. ಅಳೆದದ್ದು 1.12 ಆದರೆ ಲೆಕ್ಕಕ್ಕೆ 1.29. ಸುರಕ್ಷಿತವಾಗಿರಲಿ ಅಂತ ಟ್ಯೂನ್-ಅಪ್ಪನ್ನು ಸುಮ್ನೆ 24 ಅಂತ ಬರೆದರೆ ಅದೇ ಸಾಧನ 1.62 ಆಗಿ ಫೇಲಾಗುತ್ತದೆ.

ಎರಡು ರೇಡಿಯೋ ಒಟ್ಟಿಗೆ ಉರಿಯುವುದಾದರೆ ಎರಡನ್ನೂ ಕೂಡಿಸಬೇಕು. 4ಜಿ 1.29, ವೈಫೈ 0.36. ಬೇರೆ ಬೇರೆಯಾಗಿ ಎರಡೂ ಪಾಸು, ಕೂಡಿದರೆ 1.65. ಎರಡರ ಬಿಸಿ ಜಾಗ ಸಾಕಷ್ಟು ದೂರ ಇದ್ದರೆ ಲ್ಯಾಬಿನವರು ಇನ್ನೊಂದು ಲೆಕ್ಕ ತೋರಿಸಿ ಪಾರು ಮಾಡಬಹುದು. ಹತ್ತಿರ ಇದ್ದರೆ ಒಂದರ ಪವರ್ ಇಳಿಸಬೇಕು.

9. ಫೇಲಾದರೆ, ಆಮೇಲೆ ಏನಾದರೂ ಬದಲಾದರೆ

ಮೊದಲು ಪವರ್ ಇಳಿಸಿ. 1 ಡಿಬಿ ಇಳಿಸಿದರೆ ಎಸ್‌ಎಆರ್ ಸುಮಾರು ಶೇ. 20 ಇಳಿಯುತ್ತದೆ, ಸಿಗ್ನಲ್ ದೂರ ಅಷ್ಟೇನೂ ಕಮ್ಮಿಯಾಗಲ್ಲ. ಸಾಲದಿದ್ದರೆ ಆಂಟೆನಾವನ್ನು ಮೈಯ ಕಡೆಯಿಂದ ಆಚೆ ಕಡೆಗೆ ಸರಿಸಿ, ಎರಡು ಮೂರು ಮಿಲಿಮೀಟರಿಗೂ ಅಂಕಿ ಚೆನ್ನಾಗಿ ಇಳಿಯುತ್ತದೆ. ಮೈ ಕಡೆಗೆ ಲೋಹದ ಹಾಳೆ ಅಂಟಿಸುವ, "ರೇಡಿಯೇಷನ್ ತಡೆಯುವ ಸ್ಟಿಕ್ಕರ್" ಹಚ್ಚುವ ಐಡಿಯಾ ಬೇಡ. ಆಂಟೆನಾದ ಟ್ಯೂನಿಂಗ್ ಕೆಡುತ್ತದೆ, ಮೊಬೈಲ್ ರೇಡಿಯೋ ಆದರೆ ಟವರಿಗೆ ಕೇಳಿಸಲೆಂದು ತಾನೇ ಪವರ್ ಏರಿಸಿಕೊಳ್ಳುತ್ತದೆ.

ಮುಂದಿನ ಬ್ಯಾಚಿಗೆ ಅಗ್ಗದ ಆಂಟೆನಾ ಬಂತು, ಕವಚ ತೆಳುವಾಯಿತು, ಹೊಳೆಯಲಿ ಅಂತ ಲೋಹದ ಪುಡಿ ಇರುವ ಬಣ್ಣ ಹೊಡೆಸಿದಿರಿ, ಫರ್ಮ್‌ವೇರಲ್ಲಿ ಪವರ್ ಒಂದು ಮೆಟ್ಟಿಲು ಏರಿಸಿದಿರಿ, ಹಳೆಯ ರಿಪೋರ್ಟ್ ಆ ಬ್ಯಾಚಿಗೆ ನಿಲ್ಲುವುದಿಲ್ಲ. ಪರೀಕ್ಷೆ ಮಾಡಿಸಿದ ಒಂದು ಸ್ಯಾಂಪಲನ್ನು ಸೀಲ್ ಮಾಡಿ, ಮೇಲೆ ಫರ್ಮ್‌ವೇರ್ ನಂಬರ್ ಬರೆದು ಬೀರುವಿನಲ್ಲಿಡಿ. ಬದಲಾದದ್ದನ್ನು ಅದರ ಪಕ್ಕ ಇಟ್ಟು ನೋಡಿ, 2ನೇ ಹಂತದಿಂದ ಮತ್ತೆ ಶುರುಮಾಡಿ. ಎಷ್ಟೋ ಸಲ ಲೆಕ್ಕದ ಹಾಳೆಯಲ್ಲೇ ಮುಗಿಯುತ್ತದೆ.